ವೈರಸ್ಸಿನ ಊರು, ರೋಗಿಯ ಊರು

(ಊರಿಗಾಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ಕಸುಬು ಬರೆದಾದ ಮೇಲೆ ಒಂದು ಕಲಂ ಬರುತ್ತದೆ: ಸ್ವಂತ ಊರು. ಬೇರೆ ಕಡೆಯ ಜನ ಅದನ್ನು ತುಂಬಲು ತಡವರಿಸುವುದಿಲ್ಲ. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನವರು ಒಂದು ಗಳಿಗೆ ಯೋಚಿಸುತ್ತಾರೆ. ಹುಟ್ಟಿದ್ದು ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ, ಓದಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ, ಮುತ್ತಾತ ಬಂದದ್ದು ಉತ್ತರ ಆರ್ಕಾಟಿನ ಯಾವುದೋ ಹಳ್ಳಿಯಿಂದ, ಗಣಿ ಮುಚ್ಚಿದ ಮೇಲೆ ದಿನಾ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿನಲ್ಲಿ ದುಡಿಮೆ. ಇವುಗಳಲ್ಲಿ ಯಾವುದನ್ನು ಬರೆಯುವುದು? ಕೆಲವರು ತಮಿಳುನಾಡು ಎನ್ನುತ್ತಾರೆ, ಕೆಲವರು ಊರಿಗಾಂ ಎನ್ನುತ್ತಾರೆ. ಬರೆದುಕೊಳ್ಳುವವರು ಕೇಳಿಸಿದ್ದನ್ನು ಬರೆದು ಮುಂದಿನ ಕಲಂಗೆ ಹೋಗುತ್ತಾರೆ.

ಇವತ್ತಿನ ನನ್ನ ವಿಷಯಕ್ಕೂ ಆ ಕಲಂಗೂ ನೇರ ಸಂಬಂಧವಿದೆ. ಹೆಪಟೈಟಿಸ್ ಸಿ ಎಂಬ ವೈರಸ್ಸಿನಲ್ಲಿ ಹಲವು ತಳಿಗಳಿವೆ. ಅವನ್ನು ಜೀನೋಟೈಪ್ ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ವೈದ್ಯರು ಈ ತಳಿಯನ್ನು ರೋಗಿ ಎಲ್ಲಿಯವನು ಎಂಬುದರ ಜೊತೆಗೆ ತೂಗಿ ನೋಡುತ್ತಾ ಬಂದಿದ್ದಾರೆ. ಈ ಹೋಲಿಕೆಯಲ್ಲಿ ತುಂಬಾ ತಿಳಿವಳಿಕೆ ಇದೆ, ಅಪಾಯವೂ ಇದೆ. ನಾಲ್ಕು ದಿಕ್ಕಿನಿಂದ ಬಂದ ಜನ ಒಂದೇ ನೆಲದಡಿ ದುಡಿದ ಈ ಊರಿನಲ್ಲಿ ನಿಂತು ಅದರ ಬಗ್ಗೆ ಮಾತಾಡಬೇಕೆಂದು ನನಗೆ ಬಹಳ ದಿನದಿಂದ ಆಸೆಯಿತ್ತು.

ಮೊದಲು ವೈರಸ್ಸಿನ ಪರಿಚಯ. 1970ರ ದಶಕದಲ್ಲಿ ಹೆಪಟೈಟಿಸ್ ಎ ಮತ್ತು ಬಿ ಎರಡಕ್ಕೂ ಪರೀಕ್ಷೆ ಬಂದಿತ್ತು. ಆದರೂ ರಕ್ತ ಹಾಕಿಸಿಕೊಂಡ ಕೆಲವರಿಗೆ ಲಿವರ್ ಊತ ಬರುತ್ತಿತ್ತು. ಎ ಅಲ್ಲ, ಬಿ ಅಲ್ಲ. ಅಮೆರಿಕದಲ್ಲಿ ಹಾರ್ವೆ ಆಲ್ಟರ್ ಈ ರೋಗಿಗಳ ರಕ್ತದ ಮಾದರಿಗಳನ್ನು ವರ್ಷಗಟ್ಟಲೆ ಜೋಪಾನ ಮಾಡಿ ಕಾಯ್ದಿಟ್ಟರು. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಸ್ಸನ್ನು ಕಣ್ಣಿನಿಂದ ನೋಡದೆಯೇ ಅದರ ಜೀನಿನ ತುಣುಕನ್ನು ಹಿಡಿದರು. ಬರೀ ಈ ವೈರಸ್ಸೇ ರೋಗ ತರಬಲ್ಲದು ಎಂದು ಚಾರ್ಲ್ಸ್ ರೈಸ್ ತೋರಿಸಿಕೊಟ್ಟರು. ಮೂವರಿಗೂ 2020ರಲ್ಲಿ ನೊಬೆಲ್ ಬಂತು. ಹೆಸರೇ ಇಲ್ಲದಿದ್ದ ರೋಗದ ಮಾದರಿಗಳನ್ನು ಎಸೆಯದೆ ಇಟ್ಟುಕೊಂಡ ಆ ತಾಳ್ಮೆಗೆ ನಾನು ಯಾವತ್ತೂ ತಲೆಬಾಗುತ್ತೇನೆ.

ಈ ವೈರಸ್ಸಿನ ಜೀನು ಸುಮಾರು 9,600 ಅಕ್ಷರಗಳ ಒಂದೇ ಎಳೆ ಆರ್‌ಎನ್‌ಎ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿ ಇಲ್ಲ. ಪ್ರತಿ ನಕಲಿನಲ್ಲೂ ಅಕ್ಷರ ತಪ್ಪುತ್ತದೆ, ತಪ್ಪಿದ್ದು ಹಾಗೇ ಮುಂದೆ ಸಾಗುತ್ತದೆ. ನೂರಾರು ವರ್ಷ ಹೀಗೆ ನಡೆದರೆ ಬೇರೆ ಬೇರೆ ನಾಡಿನಲ್ಲಿ ಬೇರೆ ಬೇರೆ ಕವಲು. ಈಗ 1ರಿಂದ 8ರವರೆಗೆ ಎಂಟು ಜೀನೋಟೈಪ್ ಗುರುತಾಗಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು ಶೇ 30ರಷ್ಟು ಅಕ್ಷರಗಳ ವ್ಯತ್ಯಾಸ. ಒಂದೊಂದರ ಒಳಗೂ 1ಎ, 1ಬಿ, 3ಎ, 3ಬಿ ಎಂಬಂತೆ ಉಪತಳಿಗಳು.

ವೈರಸ್ಸಿಗೆ ತವರು ಎಲ್ಲಿ ಎಂದು ಹುಡುಕುವ ಬಗೆ ಕುತೂಹಲದ್ದು. ಒಂದು ತಳಿ ಒಂದು ನಾಡಿನಲ್ಲಿ ಬಹಳ ಕಾಲದಿಂದ ಇದ್ದರೆ ಅಲ್ಲಿ ಅದರ ಉಪತಳಿಗಳು ಹೇರಳ, ಒಂದಕ್ಕೊಂದು ದೂರದೂರ. ಈಚೆಗೆ ಬಂದು ಹಬ್ಬಿದ್ದರೆ ಒಂದೇ ಉಪತಳಿ, ಎಲ್ಲ ರೋಗಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ. ಈ ಅಳತೆಯಲ್ಲಿ ಜೀನೋಟೈಪ್ 1 ಮತ್ತು 2ರ ವೈವಿಧ್ಯ ಪಶ್ಚಿಮ ಆಫ್ರಿಕಾದಲ್ಲಿ, 4ರದ್ದು ಮಧ್ಯ ಆಫ್ರಿಕಾದಲ್ಲಿ, 6ರದ್ದು ಆಗ್ನೇಯ ಏಷ್ಯಾದಲ್ಲಿ. ನಮ್ಮ ದಕ್ಷಿಣ ಏಷ್ಯಾ ಜೀನೋಟೈಪ್ 3ರ ಹಳೆಯ ನೆಲೆ. 3ಎ ಒಂದೇ ಅಲ್ಲ, 3ಬಿ, 3ಜಿ, 3ಐ ಹೀಗೆ ಹಲವು ಕವಲು ಇಲ್ಲಿವೆ. ಅವುಗಳಲ್ಲಿ 3ಎ ಮಾತ್ರ ಇಪ್ಪತ್ತನೇ ಶತಮಾನದಲ್ಲಿ ಮಾದಕದ್ರವ್ಯ ಚುಚ್ಚಿಕೊಳ್ಳುವವರ ಸೂಜಿ ಹಿಡಿದು ಯುರೋಪು, ಆಸ್ಟ್ರೇಲಿಯಗಳಲ್ಲೆಲ್ಲಾ ಹಬ್ಬಿತು.

ಜೀನೋಟೈಪ್ 8 ಪತ್ತೆಯಾದದ್ದು ಹೇಗೆಂದು ನೋಡಿ. 2018ರಲ್ಲಿ ಕೆನಡಾದ ವಿಜ್ಞಾನಿಗಳು ನಾಲ್ವರು ರೋಗಿಗಳಲ್ಲಿ ಯಾವ ತಳಿಗೂ ಸೇರದ ವೈರಸ್ಸನ್ನು ಕಂಡರು. ನಾಲ್ವರ ಮೂಲವೂ ನಮ್ಮ ಪಂಜಾಬ್. ಅದಕ್ಕೂ ಮುಂಚೆ ಜೀನೋಟೈಪ್ 7 ಸಿಕ್ಕಿದ್ದೂ ಕೆನಡಾದಲ್ಲಿ, ಕಾಂಗೋದಿಂದ ಬಂದವರಲ್ಲಿ. ವಲಸೆ ಹೋದವರ ರಕ್ತ ಪರೀಕ್ಷೆ ಮಾಡುವ ಅನುಕೂಲ ಅಲ್ಲಿತ್ತು, ಆದ್ದರಿಂದ ಅಲ್ಲಿ ಸಿಕ್ಕಿತು. ರೋಗಿಯ ಮೂಲಕ್ಕೂ ತಳಿಗೂ ಇರುವ ನಂಟಿಗೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ಬೇಕಿಲ್ಲ.

ಭಾರತದ ಒಳಗೂ ಇಂಥ ನಕ್ಷೆ ಇದೆ. ದೇಶದ ಬಹುಭಾಗದಲ್ಲಿ 3 ಮುಂದು, 1 ಅದರ ಹಿಂದೆ. ಉತ್ತರಕ್ಕಿಂತ ದಕ್ಷಿಣದಲ್ಲಿ 1ರ ಪಾಲು ಜಾಸ್ತಿ. ಈಶಾನ್ಯದ ಮಣಿಪುರ, ಮಿಜೋರಂ, ನಾಗಾಲ್ಯಾಂಡ್ ಕಡೆ 6 ಕಾಣಿಸುತ್ತದೆ. ಆ ಕಡೆ ಗಡಿಯಾಚೆ ಮ್ಯಾನ್ಮಾರ್. ನಿಮಗೆ ಗೊತ್ತಿರುವ ದೊಡ್ಡಾಸ್ಪತ್ರೆಯೊಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಬಂಗಾಳ, ಅಸ್ಸಾಂ, ಆಂಧ್ರ ಎಲ್ಲ ಕಡೆಯಿಂದಲೂ ಜನ ಅಲ್ಲಿಗೆ ಬರುತ್ತಾರೆ. ಹಾಗಾಗಿ ವೆಲ್ಲೂರಿನ ಪ್ರಯೋಗಾಲಯದಲ್ಲಿ ಕಂಡ ತಳಿಗಳನ್ನು ವೆಲ್ಲೂರಿನ ತಳಿಗಳು ಎಂದುಕೊಂಡರೆ ತಪ್ಪಾಗುತ್ತದೆ. ದೊಡ್ಡಾಸ್ಪತ್ರೆಯ ಅಂಕಿಅಂಶಗಳನ್ನು ಓದುವಾಗ ಈ ಎಚ್ಚರ ಬೇಕು. ಆಸ್ಪತ್ರೆ ಇರುವ ಊರು ಒಂದು, ರೋಗಿ ಬಂದ ಊರು ಇನ್ನೊಂದು, ವೈರಸ್ಸು ಒಳಹೊಕ್ಕ ಊರು ಮತ್ತೊಂದು. ನನ್ನ ಈ ಉಪನ್ಯಾಸದ ಹುರುಳು ಈ ಮೂರನೆಯದರಲ್ಲಿದೆ.

ಈಜಿಪ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೈಲ್ ನದಿಯ ಕಾಲುವೆಗಳಲ್ಲಿ ಬಸವನಹುಳುವಿನಿಂದ ಹರಡುವ ಶಿಸ್ಟೊಸೋಮ ಎಂಬ ಹುಳದ ಕಾಯಿಲೆ ಇತ್ತು. ಹೊಲದಲ್ಲಿ ನೀರಿಗಿಳಿದ ರೈತರೆಲ್ಲ ಅದಕ್ಕೆ ಸಿಕ್ಕಿಬೀಳುತ್ತಿದ್ದರು. 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರ ಹಳ್ಳಿ ಹಳ್ಳಿಯಲ್ಲೂ ಶಿಬಿರ ಹೂಡಿ ಟಾರ್ಟರ್ ಎಮೆಟಿಕ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿಸಿತು. ಒಬ್ಬರಿಗೆ ಒಂದು ಸಲ ಸಾಲದು, ವಾರಗಟ್ಟಲೆ ಮತ್ತೆ ಮತ್ತೆ. ಜನ ಸಾಲಾಗಿ ನಿಲ್ಲುತ್ತಿದ್ದರು, ಗಾಜಿನ ಸಿರಿಂಜುಗಳು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹೋಗುತ್ತಿದ್ದವು. ಹುಳದ ಕಾಯಿಲೆ ಇಳಿಯಿತು. ಆದರೆ ಅದೇ ಸೂಜಿಯಲ್ಲಿ ಜೀನೋಟೈಪ್ 4, ಅದರಲ್ಲೂ 4ಎ, ದೇಶದ ಉದ್ದಗಲಕ್ಕೂ ಇಳಿಯಿತು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶವಾಗಿ ಈಜಿಪ್ಟ್ ಮಾರ್ಪಟ್ಟಿತು. ಒಳ್ಳೆಯದನ್ನು ಮಾಡಹೊರಟ ಆರೋಗ್ಯ ಕಾರ್ಯಕ್ರಮವೊಂದು ಹೀಗಾದದ್ದನ್ನು ನೆನೆದಾಗ ಹೊಟ್ಟೆ ಸಂಕಟವಾಗುತ್ತದೆ.

ಅಲ್ಲಿನ ಜನರಿಗೂ 4ಎ ತಳಿಗೂ ರಕ್ತಸಂಬಂಧದ ನಂಟೇನೂ ಇಲ್ಲ. ಅದೇ ಸಾಲಿನಲ್ಲಿ ನಿಂತು ಅದೇ ಸೂಜಿಗೆ ತೋಳು ಕೊಟ್ಟಿದ್ದರೆ ಕೋಲಾರದವನಿಗೂ 4ಎ ಬರುತ್ತಿತ್ತು. ಮಾರಿಕುಪ್ಪಂನಲ್ಲಿ ಕೊಂಡ ರೈಲು ಟಿಕೆಟಿನ ಮೇಲೆ ಹತ್ತಿದ ನಿಲ್ದಾಣದ ಹೆಸರಿರುತ್ತದೆ, ಪ್ರಯಾಣಿಕನ ಮನೆತನದ ಹೆಸರಿರುವುದಿಲ್ಲ. ಜೀನೋಟೈಪನ್ನು ಹಾಗೆ ಓದಬೇಕು. ಸೋಂಕು ಯಾವ ಕಡೆಯಿಂದ, ಯಾವ ಕಾಲದಲ್ಲಿ ಹತ್ತಿರಬಹುದು ಎಂಬ ಸುಳಿವು ಅದರಲ್ಲಿದೆ. ಆ ಜನ ಎಂಥವರು ಎಂಬ ತೀರ್ಪು ಅದರಲ್ಲಿಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿ ಹಿಡಿದಂದಿನಿಂದ ಈ ಊರು ಬಂದವರ ಊರು. ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ಚಿತ್ತೂರು ಕಡೆಯ ತೆಲುಗರು, ಸುತ್ತಲಿನ ಕನ್ನಡದ ರೈತರು, ಉರ್ದು ಮಾತಾಡುವ ವ್ಯಾಪಾರಿಗಳು, ಕಾವಲಿಗೆ ಬಂದ ಪಂಜಾಬಿಗಳು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ಆಂಗ್ಲೋ-ಇಂಡಿಯನ್ನರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಅದೇ ಹಳಿಯ ಮೇಲೆ ಜನ ಹೊರಕ್ಕೆ ಹೊರಟರು. ಇಂಥ ಊರಿನಲ್ಲಿ ಒಂದು ಕಾಯಿಲೆ ಕಂಡೊಡನೆ ‘ಅದು ಅವರ ಕಾಯಿಲೆ, ಆ ಲೈನಿನವರ ಕಾಯಿಲೆ’ ಎನ್ನುವುದು ಬಲು ಸುಲಭ. ಲೈನ್ ಮನೆಗಳಲ್ಲಿ ಹುಟ್ಟಿದವರು ಹಾಗೆ ಬೊಟ್ಟು ಮಾಡಿಸಿಕೊಂಡದ್ದು ಸಾಕು. ತಳಿ ವಿಜ್ಞಾನವನ್ನು ಅದಕ್ಕೆ ಸಾಕ್ಷಿಯಾಗಿ ತರುವವರು ವಿಜ್ಞಾನವನ್ನೇ ಓದಿಲ್ಲ.

ಹಾಗಾದರೆ ಕೇಳಬೇಕಾದ್ದು ಏನು? ಯಾರ ಸೂಜಿ, ಯಾವ ವರ್ಷ, ಎಲ್ಲಿಯ ರಕ್ತ.

ಇಲ್ಲಿ ಕುಳಿತಿರುವ ಹಿರಿಯರಿಗೆ ಹಳೆಯ ಕ್ಲಿನಿಕ್ಕುಗಳ ನೆನಪಿರುತ್ತದೆ. ಸ್ಟೌವಿನ ಮೇಲೆ ಉದ್ದನೆಯ ಸ್ಟೀಲಿನ ಡಬ್ಬಿ. ಅದರೊಳಗೆ ತೂತಿನ ತಟ್ಟೆ, ತಟ್ಟೆಯ ಮೇಲೆ ಗಾಜಿನ ಸಿರಿಂಜು, ಮೂರು ನಾಲ್ಕು ಗಾತ್ರದ ಸೂಜಿಗಳು, ಎತ್ತಿಕೊಳ್ಳಲು ಒಂದು ಚಿಮಟ. ಸೂಜಿಯ ತೂತು ಕಟ್ಟದಿರಲೆಂದು ಒಳಗೆ ಸಣ್ಣ ತಂತಿ ತೂರಿಸಿ ಇಡುತ್ತಿದ್ದರು. ಮೊನೆ ಮೊಂಡಾದರೆ ನುಣುಪಾದ ಕಲ್ಲಿನ ಮೇಲೆ ಮಸೆಯುತ್ತಿದ್ದರು. ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಈ ವೈರಸ್ಸು ಉಳಿಯುವುದಿಲ್ಲ. ಆದರೆ ಸಂಜೆ ಹೊತ್ತು ಬಾಗಿಲಿನ ತನಕ ರೋಗಿಗಳು ನಿಂತಾಗ ನೀರಿಗೆ ಕುದಿಯುವಷ್ಟು ಪುರುಸೊತ್ತು ಎಲ್ಲಿ? ಸೂಜಿ ಬದಲಾಯಿಸಿ ಸಿರಿಂಜು ಅದನ್ನೇ ಇಟ್ಟುಕೊಳ್ಳುವುದು, ಬಿಸಿನೀರಿನಲ್ಲಿ ಒಮ್ಮೆ ಎಳೆದು ಬಿಡುವುದು ಇವೆಲ್ಲ ದೇಶದುದ್ದಕ್ಕೂ ನಡೆದವು. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಈ ವೈರಸ್ಸು ಮಾಮೂಲಿ ಹವೆಯಲ್ಲಿ 63 ದಿನದವರೆಗೂ ಜೀವ ಹಿಡಿದಿರಬಲ್ಲದು ಎಂದು ಆಮೇಲೆ ಪ್ರಯೋಗಗಳಲ್ಲಿ ತಿಳಿಯಿತು. ಜ್ವರಕ್ಕೂ, ಸುಸ್ತಿಗೂ, ಮೈಕೈ ನೋವಿಗೂ ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎಂದು ಕೇಳಿ ಹಾಕಿಸಿಕೊಂಡವರು ನಾವು. ಮಾತ್ರೆ ಸಾಕಾಗುವ ಕಡೆ ಸೂಜಿ ಬೇಡ ಎಂಬುದನ್ನು ಈಗಲೂ ಹಟ ಹಿಡಿದು ಹೇಳಬೇಕಾಗಿದೆ.

ಹಚ್ಚೆಯ ಸೂಜಿಯೂ ಅಷ್ಟೇ. ಜಾತ್ರೆಯಲ್ಲಿ ಕೂತು ಒಂದೇ ಸೂಜಿಯಲ್ಲಿ ಸಾಲಾಗಿ ಹುಯ್ಯುತ್ತಿದ್ದರು. ಇವತ್ತಿನ ಹುಡುಗರು ಅಂಗಡಿಯಲ್ಲಿ ಯಂತ್ರದಿಂದ ಹಾಕಿಸಿಕೊಳ್ಳುತ್ತಾರೆ. ಹೊಸ ಸೂಜಿ, ಹೊಸ ಶಾಯಿ ಇದೆಯೇ ಎಂದು ನೋಡಿಯೇ ತೋಳು ಕೊಡಬೇಕು.

ಇನ್ನು ರಕ್ತ. ನಮ್ಮ ದೇಶದ ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2000ರ ದಶಕದ ಆರಂಭದಲ್ಲಿ. ಗಣಿ ಮುಚ್ಚಿದ ಕಾಲಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಬಂಡೆ ಸಿಡಿದಾಗ, ಕೈಕಾಲು ನುಜ್ಜಾದಾಗ, ರಕ್ತ ಕೊಟ್ಟು ಜೀವ ಉಳಿಸಿದ ವೈದ್ಯರು ಪುಣ್ಯಾತ್ಮರು. ಅವರ ಕೈಯಲ್ಲಿ ಆಗ ಈ ಪರೀಕ್ಷೆಯೇ ಇರಲಿಲ್ಲ. ಹೆರಿಗೆಯಲ್ಲಿ ರಕ್ತ ಪಡೆದ ತಾಯಂದಿರಿಗೂ ಇದೇ ಮಾತು. ಗಣಿಯ ಮನೆಗಳಲ್ಲಿ ಸಿಲಿಕೋಸಿಸ್ ಗೊತ್ತು, ದೂಳು ತಿಂದ ಶ್ವಾಸಕೋಶದ ಕೆಮ್ಮು ಗೊತ್ತು. ಹೆಪಟೈಟಿಸ್ ಸಿ ಕೆಮ್ಮುವುದಿಲ್ಲ. ಸೋಂಕು ತಗುಲಿದ ಬಹುಪಾಲು ಜನರಿಗೆ ಮೊದಲ ದಿನಗಳಲ್ಲಿ ಕಣ್ಣು ಹಳದಿಯಾಗುವುದೂ ಇಲ್ಲ. ನೂರರಲ್ಲಿ 15ರಿಂದ 45 ಮಂದಿ ಆರು ತಿಂಗಳೊಳಗೆ ತಾವಾಗಿಯೇ ವೈರಸ್ಸನ್ನು ಕಳೆದುಕೊಳ್ಳುತ್ತಾರೆ. ಉಳಿದವರಲ್ಲಿ ಅದು ನೆಲೆ ಊರುತ್ತದೆ. ಅವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷದಲ್ಲಿ ಲಿವರ್ ಗಂಟುಗಟ್ಟಿ ಸಿರೋಸಿಸ್ ಆಗುತ್ತದೆ.

ತಳಿಯಿಂದ ರೋಗದ ಉಗ್ರತೆ ಬದಲಾಗುತ್ತದೆಯೇ? ಆಗುತ್ತದೆ, ಒಂದು ಮಟ್ಟಿಗೆ. ಇಲ್ಲಿ ನಮಗೆ ತೀರಾ ಸಂಬಂಧಪಟ್ಟದ್ದು ನಮ್ಮ ನೆಲದ ಜೀನೋಟೈಪ್ 3. ಇದು ಲಿವರಿನ ಜೀವಕೋಶದಲ್ಲಿ ತಾನೇ ಕೊಬ್ಬು ತುಂಬಿಸುತ್ತದೆ. ಬೇರೆ ತಳಿಯವರ ಲಿವರಿನಲ್ಲಿ ಕೊಬ್ಬು ಕಂಡರೆ ಬೊಜ್ಜು, ಸಕ್ಕರೆ ಕಾಯಿಲೆ ಕಾರಣವಿರಬಹುದು; 3ರಲ್ಲಿ ವೈರಸ್ಸೇ ಕಾರಣ, ಏಕೆಂದರೆ ವೈರಸ್ಸು ಹೋದರೆ ಆ ಕೊಬ್ಬೂ ಕರಗುತ್ತದೆ. ಅಮೆರಿಕದ ನಿವೃತ್ತ ಸೈನಿಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಜೀನೋಟೈಪ್ 1ಕ್ಕೆ ಹೋಲಿಸಿದರೆ 3 ಇದ್ದವರಿಗೆ ಸಿರೋಸಿಸ್ ಅಪಾಯ ಶೇ 31, ಲಿವರ್ ಕ್ಯಾನ್ಸರ್ ಅಪಾಯ ಶೇ 80 ಜಾಸ್ತಿ ಕಂಡಿತು. ‘ಸುಲಭದ ತಳಿ’ ಎಂದು ವೈದ್ಯರು ಒಂದು ಕಾಲಕ್ಕೆ ಕರೆದದ್ದು ಇದನ್ನೇ. ಇಂಟರ್‌ಫೆರಾನ್ ಎಂಬ ಚುಚ್ಚುಮದ್ದೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ 3ಕ್ಕೆ 24 ವಾರ ಸಾಕು, 1ಕ್ಕೆ 48 ವಾರ ಬೇಕು ಎಂಬ ಲೆಕ್ಕವಿತ್ತು. ಔಷಧಿಗೆ ಬೇಗ ಬಗ್ಗುವುದೂ ಲಿವರನ್ನು ಬೇಗ ಕೆಡಿಸುವುದೂ ಒಂದೇ ವೈರಸ್ಸಿನ ಎರಡು ಗುಣ.

ಆದರೆ ತಳಿಯ ಮೇಲೆಯೇ ಎಲ್ಲ ಭಾರ ಹಾಕಬಾರದು. 1977-78ರಲ್ಲಿ ಐರ್ಲೆಂಡಿನಲ್ಲಿ ಬಾಣಂತಿಯರಿಗೆ ಕೊಟ್ಟ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಒಬ್ಬ ದಾನಿಯ ಸೋಂಕಿನಿಂದ ಕೆಟ್ಟಿತ್ತು. ಅಷ್ಟೂ ಮಂದಿಗೆ ಒಂದೇ ಮೂಲದಿಂದ, ಒಂದೇ ತಳಿ, 1ಬಿ. ವಿಷಯ ಹೊರಬಿದ್ದದ್ದು 1994ರಲ್ಲಿ. ವೈರಸ್ಸು ಉಳಿದುಕೊಂಡಿದ್ದ 376 ಮಹಿಳೆಯರನ್ನು ಹದಿನೇಳು ವರ್ಷದ ನಂತರ ಪರೀಕ್ಷಿಸಿದಾಗ, ಅರ್ಧದಷ್ಟು ಮಂದಿಯ ಲಿವರಿನಲ್ಲಿ ನಾರು ಕಟ್ಟಿತ್ತು, ಸಿರೋಸಿಸ್ ಆಗಿದ್ದದ್ದು ಶೇ 2ರಷ್ಟು ಮಂದಿಗೆ ಮಾತ್ರ. ಸೋಂಕು ತಗುಲಿದಾಗ ಅವರು ಹರೆಯದ ಹೆಂಗಸರು. ಅದೇ ವೈರಸ್ಸು ನಲವತ್ತು ದಾಟಿದ, ಮದ್ಯಪಾನ ಮಾಡುವ ಗಂಡಸಿಗೆ ತಗುಲಿದ್ದರೆ ಕಥೆ ಬೇರೆ. ವಯಸ್ಸು, ಮದ್ಯ, ಸಕ್ಕರೆ ಕಾಯಿಲೆ, ಜೊತೆಗೆ ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಇದ್ದರೆ ಅದು, ಇವೆಲ್ಲ ಸೇರಿ ರೋಗದ ಓಟವನ್ನು ನಿರ್ಧರಿಸುತ್ತವೆ. ದುಡಿದು ದಣಿದ ಮೈಗೆ ಕುಡಿತ ಸಲೀಸಾಗಿ ಸಿಕ್ಕ ಊರಿನಲ್ಲಿ ಇದನ್ನು ಬಿಚ್ಚಿ ಹೇಳದೆ ವಿಧಿಯಿಲ್ಲ: ಹೆಪಟೈಟಿಸ್ ಸಿ ಇರುವ ಲಿವರಿಗೆ ಯಾವ ಮದ್ಯವೂ, ಎಷ್ಟು ಕಮ್ಮಿಯಾದರೂ, ಬೇಡ.

ರೋಗಿಯ ವಂಶಕ್ಕೆ ಸಂಬಂಧಿಸಿದ ಒಂದು ನಿಜವಾದ ಸಂಗತಿಯೂ ಇದೆ, ಅದನ್ನು ಮುಚ್ಚಿಡಬಾರದು. 2009ರಲ್ಲಿ ಮನುಷ್ಯನ ಜೀನಿನಲ್ಲೇ, ಐಎಲ್28ಬಿ ಎಂಬ ಜಾಗದ ಹತ್ತಿರ, ಒಂದು ಅಕ್ಷರದ ವ್ಯತ್ಯಾಸ ಪತ್ತೆಯಾಯಿತು. ಅನುಕೂಲದ ರೂಪ ಇದ್ದವರು ಇಂಟರ್‌ಫೆರಾನಿಗೆ ಸುಮಾರು ಎರಡು ಪಟ್ಟು ಚೆನ್ನಾಗಿ ಸ್ಪಂದಿಸುತ್ತಿದ್ದರು. ಪೂರ್ವ ಏಷ್ಯಾದವರಲ್ಲಿ ಅದು ಹೆಚ್ಚು, ಆಫ್ರಿಕಾ ಮೂಲದವರಲ್ಲಿ ಕಮ್ಮಿ. ಅಂದರೆ ವೈರಸ್ಸಿನ ಮೂಲ ಬೇರೆ, ರೋಗಿಯ ಮೂಲ ಬೇರೆ, ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ. ಹೊಸ ಮಾತ್ರೆಗಳು ಬಂದ ಮೇಲೆ ಆ ವ್ಯತ್ಯಾಸಕ್ಕೆ ಬೆಲೆ ಉಳಿಯಲಿಲ್ಲ.

ಆ ಮಾತ್ರೆಗಳ ವಿಚಾರಕ್ಕೆ ಬರುತ್ತೇನೆ. ಇಂಟರ್‌ಫೆರಾನ್ ಚುಚ್ಚಿಸಿಕೊಂಡವರ ಪಾಡು ಹೇಳತೀರದು: ವಾರ ವಾರ ಜ್ವರ, ಕೂದಲುದುರುವುದು, ಮಂಕು ಕವಿಯುವುದು, ಸಾವಿರಾರು ರೂಪಾಯಿ ಖರ್ಚು, ಅಷ್ಟಾಗಿಯೂ ಎಷ್ಟೋ ಮಂದಿಗೆ ಗುಣವಿಲ್ಲ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಆಗ ಒಂದು ಮಾತ್ರೆಯ ಬೆಲೆ ಸಾವಿರ ಡಾಲರ್ ಇತ್ತು. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತು, ಮರುವರ್ಷವೇ ಇಲ್ಲಿ ಅಗ್ಗದ ಮಾತ್ರೆ ಬಂತು. 2016ರಲ್ಲಿ ಪಂಜಾಬ್ ಸರ್ಕಾರ ತನ್ನ ಜನರಿಗೆ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು ಇಡೀ ದೇಶಕ್ಕೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂತು. ಪರೀಕ್ಷೆಯೂ ಮಾತ್ರೆಯೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ 12 ವಾರ. ಸಿರೋಸಿಸ್ ಇದ್ದವರಿಗೆ ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್. ನೂರಕ್ಕೆ ತೊಂಬತ್ತೈದು ಮಂದಿ ಗುಣವಾಗುತ್ತಾರೆ. ಈ ಮಾತ್ರೆಗಳು ಎಲ್ಲ ತಳಿಗಳ ಮೇಲೂ ಕೆಲಸ ಮಾಡುವುದರಿಂದ ಚಿಕಿತ್ಸೆ ಶುರುಮಾಡಲು ಜೀನೋಟೈಪ್ ಪರೀಕ್ಷೆಗೆ ಕಾಯಬೇಕಿಲ್ಲ. ಸಾವಿರಾರು ರೂಪಾಯಿಯ ಒಂದು ಪರೀಕ್ಷೆ ಬಡವನ ದಾರಿಯಿಂದ ಸರಿದದ್ದು ನನ್ನ ಕಣ್ಣಿಗೆ ಮಾತ್ರೆಯಷ್ಟೇ ದೊಡ್ಡ ಉಪಕಾರ.

ಜೀನೋಟೈಪಿನ ಕೆಲಸ ಮುಗಿಯಿತೆಂದು ಇದರ ಅರ್ಥವಲ್ಲ. 3ಬಿ ಉಪತಳಿಯಲ್ಲಿ ಎನ್‌ಎಸ್5ಎ ಎಂಬ ಪ್ರೋಟೀನು ಹುಟ್ಟಿನಿಂದಲೇ ಈ ಔಷಧಿಗಳಿಗೆ ಅಷ್ಟಾಗಿ ಬಗ್ಗದು. ಚೀನಾ ಮತ್ತು ಆಗ್ನೇಯ ಏಷ್ಯಾದ ರೋಗಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಿರೋಸಿಸ್ ಆಗಿದ್ದ 3ಬಿಯವರಲ್ಲಿ ಅರ್ಧ ಮಂದಿ ಮಾತ್ರ ಗುಣವಾದರು, 14ರಲ್ಲಿ 7. ಸಂಖ್ಯೆ ಚಿಕ್ಕದು, ಎಚ್ಚರಿಕೆ ದೊಡ್ಡದು. ನಮ್ಮ ನೆಲದಲ್ಲೂ 3ಬಿ ಇದೆ. ಮಾತ್ರೆ ಮುಗಿದ ಮೇಲೂ ವೈರಸ್ಸು ಉಳಿದವರಲ್ಲಿ ಉಪತಳಿ ಯಾವುದೆಂದು ನೋಡಲೇಬೇಕು. ಡಯಾಲಿಸಿಸ್ ಘಟಕದಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಸೋಂಕು ಕಂಡಾಗ, ಅದು ಅಲ್ಲೇ ಹರಡಿತೋ ಹೊರಗಿನಿಂದ ಬಂತೋ ಎಂದು ತಿಳಿಯುವುದಕ್ಕೂ ವೈರಸ್ಸಿನ ಅಕ್ಷರಗಳನ್ನು ಹೋಲಿಸಿ ನೋಡುವುದೇ ದಾರಿ. ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಡಯಾಲಿಸಿಸ್ ಬಂದಿದೆ, ಆದ್ದರಿಂದ ಈ ಮಾತು ನಮ್ಮ ಮನೆಬಾಗಿಲಿನದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 5 ಕೋಟಿ ಜನರಿಗೆ ಈ ಸೋಂಕಿತ್ತು, ಭಾರತದಲ್ಲಿ ಸುಮಾರು 55 ಲಕ್ಷ. ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ. ಈಜಿಪ್ಟಿನವರು 2018-19ರಲ್ಲಿ ಏಳು ತಿಂಗಳಲ್ಲಿ ಸುಮಾರು 5 ಕೋಟಿ ವಯಸ್ಕರ ಬೆರಳು ಚುಚ್ಚಿ ಪರೀಕ್ಷಿಸಿದರು, ಪ್ರತಿಯೊಬ್ಬರಿಗೂ ಹೊಸ ಸೂಜಿಯಲ್ಲಿ. ಸಿಕ್ಕವರಿಗೆಲ್ಲ ಉಚಿತವಾಗಿ ಮಾತ್ರೆ ಕೊಟ್ಟರು. ಒಂದು ಕಾಲದಲ್ಲಿ ಸೂಜಿಯಿಂದ ಹಳ್ಳಿಗಳಿಗೆ ಸೋಂಕು ತಂದ ದೇಶ ಅದನ್ನು ಮನೆಮನೆಯಿಂದ ಹುಡುಕಿ ತೆಗೆಯಿತು. ಅಷ್ಟು ದೊಡ್ಡ ಕೆಲಸ ನಾವು ಇಲ್ಲಿ ಮಾಡಬೇಕಿಲ್ಲ. 2002ಕ್ಕೆ ಮುಂಚೆ ರಕ್ತ ಹಾಕಿಸಿಕೊಂಡವರು, ಗಣಿಯಲ್ಲೋ ರಸ್ತೆಯಲ್ಲೋ ಏಟು ಬಿದ್ದು ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಡಯಾಲಿಸಿಸ್‌ನಲ್ಲಿ ಇರುವವರು, ಹಿಂದೊಮ್ಮೆಯಾದರೂ ಮಾದಕದ್ರವ್ಯ ಚುಚ್ಚಿಕೊಂಡವರು, ಸೋಂಕಿತ ತಾಯಿಗೆ ಹುಟ್ಟಿದ ಮಕ್ಕಳು, ಇಷ್ಟು ಮಂದಿ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. ಜೊತೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ ಇದು ಬರುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಇರಲಿ.

ಇನ್ನೊಂದು ಮಾತು, ಕಾಮಾಲೆಯ ನಾಟಿ ಔಷಧಿಯ ಬಗ್ಗೆ. ನೆಲನೆಲ್ಲಿ ಅರೆದು ಮೂರು ದಿನ ಕುಡಿಸಿ ಕಾಮಾಲೆ ಬಿಡಿಸಿದೆವು ಎನ್ನುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುತೇಕ ತಾವಾಗಿ ಇಳಿಯುತ್ತವೆ, ಹೆಸರು ಔಷಧಿಗೆ ಬರುತ್ತದೆ. ಒಮ್ಮೆ ನೆಲೆಯೂರಿದ ಹೆಪಟೈಟಿಸ್ ಸಿ ಹಾಗೆ ಇಳಿಯುವ ಕಾಮಾಲೆಯಲ್ಲ. ಅದಕ್ಕೆ ಮಾತ್ರೆಯೇ ಬೇಕು.

ಪರೀಕ್ಷೆಯಲ್ಲಿ ಎರಡು ಮೆಟ್ಟಿಲಿದೆ. ಮೊದಲನೆಯದು ಪ್ರತಿಕಾಯದ ಪರೀಕ್ಷೆ. ಅದು ಪಾಸಿಟಿವ್ ಬಂದರೆ ಯಾವಾಗಲೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಎರಡನೆಯದು ಆರ್‌ಎನ್‌ಎ ಪರೀಕ್ಷೆ. ವೈರಸ್ಸು ಈಗಲೂ ಇದೆಯೇ ಎಂಬುದು ಅದರಿಂದಲೇ ತಿಳಿಯಬೇಕು. ಗುಣವಾದ ಮೇಲೂ ಪ್ರತಿಕಾಯ ಜೀವಮಾನವಿಡೀ ರಕ್ತದಲ್ಲಿ ಉಳಿಯುತ್ತದೆ, ಆದ್ದರಿಂದ ಹೊರದೇಶದ ಕೆಲಸಕ್ಕೆ ವೈದ್ಯಕೀಯ ತಪಾಸಣೆಗೆ ಹೋಗುವ ಹುಡುಗರು ತಮ್ಮ ಆರ್‌ಎನ್‌ಎ ವರದಿಯನ್ನು ಜೊತೆಯಲ್ಲೇ ಇಟ್ಟುಕೊಳ್ಳಲಿ. ಕೊನೆಯ ಮಾತ್ರೆ ನುಂಗಿ 12 ವಾರ ಕಳೆದ ಮೇಲೆ ಮತ್ತೊಮ್ಮೆ ಆರ್‌ಎನ್‌ಎ ನೋಡಿ, ಅದು ಇಲ್ಲವೆಂದು ಬಂದರೆ ಗುಣವಾದಂತೆ. ಸಿರೋಸಿಸ್ ಆಗಿಬಿಟ್ಟಿದ್ದವರು ವೈರಸ್ಸು ಹೋದ ಮೇಲೂ ಆರು ತಿಂಗಳಿಗೊಮ್ಮೆ ಲಿವರಿನ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು.